ಮುಸುಕು ಹಾಕಿದ ಮೇರು

ನೀರು ಸರಬರಾಜು ಕಚೇರಿಯ ಬಿಲ್ಲು ವಿಭಾಗದ ಆ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಬೀದಿಗೂ ಕಚೇರಿಗೂ ಅವನು ತಡಿಯಪ್ಪ. ಯಾರಾದರೂ ಏನಾದರೂ ಕೊಳ್ಳಲು ಹೊರಟರೆ ಸಾಕು, "ತಡೀರಿ, ಇದಕ್ಕಿಂತ ಒಳ್ಳೇದು ಬರ್ತಾ ಇದೆ" ಎಂದು ಅಡ್ಡ ನಿಲ್ಲುತ್ತಿದ್ದ. ಪರರಿಗೆ ಮಾತ್ರ ಉಪದೇಶ ಎಂದು ಅವನನ್ನು ದೂರುವ ಹಾಗಿಲ್ಲ. ಹೊಸ ಮಾದರಿಯ ಫ್ರಿಜ್ ಬರಲಿ ಎಂದು ಕಾಯುತ್ತಾ ಒಂದು ಇಡೀ ಬೇಸಿಗೆ ಬಿಸಿನೀರು ಕುಡಿದ ಮಹಾನುಭಾವ ಅವನು.

"ನಮ್ಮ ಮದುವೆ ಹೊತ್ತಿಗೆ ಇವರ ಕೈಯಲ್ಲಿ ಮೊಬೈಲ್ ಇರ್ಲಿಲ್ಲ, ನನ್ನ ಪುಣ್ಯ," ಎನ್ನುತ್ತಿದ್ದಳು ಹೆಂಡತಿ. "ಇದ್ದಿದ್ರೆ ಮುಂದಿನ ವರ್ಷ ಇನ್ನೂ ಒಳ್ಳೇ ಹುಡುಗಿ ಬರ್ತಾಳೆ ಅಂತ ಓದ್ಕೊಂಡು ಎದ್ದು ಹೋಗಿರೋರು."

ಆಕೆ ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟವಳು. ವೈದ್ಯರ ಕೈಬರಹ ಓದಿ ಓದಿ, ಮನುಷ್ಯರ ಮುಖ ಓದುವುದು ಅವಳಿಗೆ ಲೀಲಾಜಾಲ.

ಅವರ ಮನೆಯಲ್ಲಿದ್ದ ಗಾಡಿಯ ಹೆಸರು ಮೇರು. ಮೇರು ಅಂದರೆ ಮೂರು ಸಾಲು ಸೀಟಿನ ಸಂಸಾರದ ಗಾಡಿ. ಕಾರಿನಷ್ಟು ತಗ್ಗಲ್ಲ, ಜೀಪಿನಷ್ಟು ಎತ್ತರವೂ ಅಲ್ಲ. ಮಧ್ಯಮ ವರ್ಗದ ಹಾಗೆ ಎರಡರ ನಡುವೆ ಉಸಿರು ಹಿಡಿದು ನಿಂತದ್ದು. ತಡಿಯಪ್ಪ ಅದನ್ನು ಕೊಂಡಾಗಲೇ ಅದು ಇನ್ನೊಬ್ಬರ ಸಂಸಾರ ಸಾಗಿಸಿ ಸುಸ್ತಾಗಿತ್ತು. ಈಗಂತೂ ಎಡಗಡೆಯ ಕಿಟಕಿ ಇಳಿಸಿದರೆ ಏರುತ್ತಿರಲಿಲ್ಲ, ಹಿಂದಿನ ಏಸಿಯಿಂದ ಗಾಳಿಗಿಂತ ಸದ್ದೇ ಹೆಚ್ಚು. ಹೊಸದು ಕೊಳ್ಳೋಣ ಎಂದು ಹೆಂಡತಿ ಹೇಳಿದಾಗಲೆಲ್ಲ ತಡಿಯಪ್ಪ ಮೊಬೈಲ್ ಹೊರಗೆ ತೆಗೆಯುತ್ತಿದ್ದ.

"ತಡಿ. ಮೇರುವಿನ ರೂಪಾನೇ ಬದಲಾಯಿಸ್ತಾ ಇದಾರಂತೆ. ಹೊಸ ಮುಖ, ಹೊಸ ದೀಪ, ಹಿಂದಿನ ಸೀಟಲ್ಲಿ ಮನುಷ್ಯರೂ ಕೂರಬಹುದಂತೆ. ಈಗ ತಗೊಂಡ್ರೆ ನಾಳೆ ಊರೆಲ್ಲ ನಗುತ್ತೆ."

ಹೀಗೆ ಹೊಸ ರೂಪದ ಮೇರು ಬರುತ್ತದೆ, ಬರುತ್ತದೆ ಎಂದು ಅವನು ಹೇಳಲು ಶುರುಮಾಡಿದಾಗ ತೊಟ್ಟಿಲಲ್ಲಿದ್ದ ಅವಳಿ ಹೆಣ್ಣುಮಕ್ಕಳು ಈಗ ಮಗ್ಗಿ ಒಪ್ಪಿಸುತ್ತಿದ್ದರು.

ಶಾಲೆಗೆ ರಜೆ ಬಂತು. ಹೆಂಡತಿ ಮಕ್ಕಳನ್ನೂ, ಜೊತೆಯಲ್ಲೇ ಇದ್ದ ತನ್ನ ತಂದೆಯನ್ನೂ ಕರೆದುಕೊಂಡು ತಂಗಿಯ ಮನೆಗೆ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ರೀ, ನಾವು ಬರೋ ಹೊತ್ತಿಗೆ ಹೊಸದು ಬುಕ್ ಮಾಡಿರಿ. ಆಗ್ಲಿಲ್ವಾ, ಹಳೇದನ್ನಾದ್ರೂ ನೆಟ್ಟಗೆ ಇಟ್ಕೊಂಡಿರಿ. ಅದಕ್ಕೆ ಒಂದು ಗೀಚು ಬಿದ್ದಿದ್ರೂ ಈ ವಿಷಯದಲ್ಲಿ ಇನ್ಮೇಲೆ ನೀವು ಬಾಯಿ ಬಿಡೋ ಹಾಗಿಲ್ಲ. ನಾನು ಹೋಗಿ, ನನಗೆ ಬೇಕಾದ್ದು ತರ್ತೀನಿ."

ತಡಿಯಪ್ಪ ಧಾರಾಳವಾಗಿ ಒಪ್ಪಿದ. ನಿಂತ ಗಾಡಿಗೆ ಗೀಚು ಹೇಗೆ ಬೀಳುತ್ತದೆ?

ಗಾಡಿ ನಿಂತೇ ಇದ್ದಿದ್ದರೆ ಬೀಳುತ್ತಿರಲಿಲ್ಲ. ಮಾರನೆಯ ದಿನ ಅವನು ಅದನ್ನು ಮಾರುಕಟ್ಟೆಗೆ ಒಯ್ದ. ಇಳಿಜಾರಿನಲ್ಲಿ ಒಂದು ಲಾರಿಯ ಹಿಂದೆ ಸಾಲುಗಟ್ಟಿ ನಿಂತಿದ್ದಾಗ ಮೊಬೈಲ್ ಟಿಂಗ್ ಎಂದಿತು. "ಹೊಸ ಮೇರುವಿನ ಮುಖ ಕೊನೆಗೂ ಬಯಲು!" ತೆರೆದು ನೋಡಿದರೆ ಕಪ್ಪು ಬಿಳುಪು ಚೌಕುಳಿಯ ಮುಸುಕು ಹೊದ್ದು ಯಾವುದೋ ರಸ್ತೆಯಲ್ಲಿ ಓಡುತ್ತಿದ್ದ ಒಂದು ಗಾಡಿ. ಬಯಲಾಗಿದ್ದು ಮುಖವಲ್ಲ, ಮುಸುಕು. ಚಿತ್ರವನ್ನು ದೊಡ್ಡದು ಮಾಡಿ ನೋಡಲು ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದು ಕೈಯಿಂದ ಎಳೆಯಬೇಕು. ದೇವರು ಮನುಷ್ಯನಿಗೆ ಕೊಟ್ಟಿರುವುದು ಎರಡೇ ಕೈ; ಸ್ಟೇರಿಂಗಿಗೆ ಯಾವುದೂ ಉಳಿಯಲಿಲ್ಲ. ಕುತೂಹಲದಿಂದ ಅವನು ಮುಂದಕ್ಕೆ ಬಾಗಿದಾಗ ಕಾಲೂ ಬ್ರೇಕಿನ ಮೇಲಿಂದ ಸರಿಯಿತು.

ಧಡ್!

"ಅಂತರವಿರಲಿ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಲಾರಿಯ ಹಿಂಭಾಗಕ್ಕೆ ಮೇರು ಮುಖವಿಟ್ಟಿತ್ತು. ಲಾರಿಯವನು ಇಳಿದು ಬಂದು ತನ್ನ ಗಾಡಿ ನೋಡಿದ, ಏನೂ ಆಗಿರಲಿಲ್ಲ. ಇವನ ಗಾಡಿ ನೋಡಿದ. "ಪಾಪ" ಎಂದು ಹೇಳಿ ಹತ್ತಿ ಹೊರಟುಹೋದ. ಹೊಸ ಮೇರುವಿನ ಮುಖ ನೋಡಲು ಹೋದ ತಡಿಯಪ್ಪ ಹಳೆಯ ಮೇರುವಿನ ಮುಖವನ್ನು ರಸ್ತೆಯಿಂದ ಆರಿಸಿ ಡಿಕ್ಕಿಗೆ ತುಂಬಿಕೊಂಡ.

ಟಿಂಕರಿಂಗ್ ಅಂಗಡಿಯವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕೈಕಟ್ಟಿ ನಿಂತು, "ಎಷ್ಟು ದಿನದಿಂದ ಹುಷಾರಿಲ್ಲ?" ಎಂದು ಕೇಳಿದ.

"ತಮಾಷೆ ಬೇಡಪ್ಪ. ನಮ್ಮನೆಯವಳು ಊರಿಂದ ಬರೋದ್ರೊಳಗೆ ಇದು ಮೊದಲಿನ ಹಾಗೆ ಆಗ್ಬೇಕು."

"ಮೊದಲಿನ ಹಾಗೆ ಅಂದ್ರೆ ಎಷ್ಟು ಮೊದಲಿನ ಹಾಗೆ ಸಾರ್? ಬಾಗಿಲಿಗೆ ಬೇರೆ ತುಕ್ಕು ಹಿಡಿದಿದೆ. ಆಗ್ಲಿ, ಬಡಿದು ಪುಟ್ಟಿ ಹಾಕ್ತೀನಿ. ಮುಂದಿನ ಜಾಲರಿ, ದೀಪ, ಬಂಪರ್ ಗುಜರೀಲಿ ಹುಡುಕಿಸ್ಬೇಕು. ಅಲ್ಲೀವರೆಗೂ ಮನೇಲಿಟ್ಕೊಳ್ಳಿ, ನನ್ನ ಹತ್ರ ಜಾಗ ಇಲ್ಲ. ದಿನಾ ಬಿಸಿಲಿಗೆ ಬಿಡಿ, ಪುಟ್ಟಿ ಬಿರುಕು ಬಿಡುತ್ತಾ ನೋಡಿ ಹೇಳಿ."

ಬಡಿದು ಪುಟ್ಟಿ ಹಾಕಿ ಮುಗಿಸಿ, ಧೂಳು ಕೂರದಿರಲಿ ಎಂದು ಅವನು ಮೂಲೆಯಲ್ಲಿದ್ದ ಹಳೆಯ ಫ್ಲೆಕ್ಸ್ ಎಳೆದು, ಕತ್ತರಿಸಿ, ಗಾಡಿಯ ಮೂತಿಗೂ ಎರಡು ಪಕ್ಕಕ್ಕೂ ಹಿಂಭಾಗಕ್ಕೂ ಟೇಪು ಹಾಕಿ ಅಂಟಿಸಿದ. ಜಾಲರಿಯ ಜಾಗಕ್ಕೆ ರಟ್ಟು ಕಟ್ಟಿದ. ಆ ಫ್ಲೆಕ್ಸ್ ಯಾವುದೋ ಚದುರಂಗ ಸ್ಪರ್ಧೆಯದು. ಅಡಿಯಿಂದ ಮುಡಿಯವರೆಗೆ ಕಪ್ಪು ಬಿಳುಪು ಚೌಕುಳಿ.

ಎದುರು ಮನೆಯಲ್ಲಿ ಪೋಸ್ಟ್‌ಮಾಸ್ಟರು ಇದ್ದರು. ನಿವೃತ್ತರಾಗಿ ವರ್ಷಗಳು ಕಳೆದಿದ್ದರೂ ಅವರ ಬಟವಾಡೆ ನಿಂತಿರಲಿಲ್ಲ. ಕಾಗದ ಇರುತ್ತಿರಲಿಲ್ಲ, ಅಷ್ಟೇ. ತಡಿಯಪ್ಪ ಗಾಡಿಯನ್ನು ಗೇಟಿನೊಳಗೆ ನುಗ್ಗಿಸುವಷ್ಟರಲ್ಲಿ ಅವರು ಗೇಟು ಹಿಡಿದು ನಿಂತಿದ್ದರು. ಬಂಪರಿನ ಜೊತೆ ನಂಬರ್ ಪ್ಲೇಟೂ ಹೋಗಿದ್ದು ಮೊದಲು ಅವರ ಕಣ್ಣಿಗೆ ಬಿತ್ತು.

"ಏನ್ರೀ ಇದು?"

"ಮೇರು."

"ಅದು ಎತ್ತರ ನೋಡಿದ್ರೇ ಗೊತ್ತಾಗುತ್ತೆ. ಈ ಮುಸುಕು ಯಾಕೆ?"

"ಹೊಸ ಮುಖ ಬರ್ತಾ ಇದೆ. ಅಲ್ಲೀವರೆಗೆ ಯಾರ ಕಣ್ಣಿಗೂ ಬೀಳಬಾರದು ಅಂತ."

ಪೋಸ್ಟ್‌ಮಾಸ್ಟರ ಕಣ್ಣು ದೊಡ್ಡದಾಯಿತು. ಹೊಸ ಮೇರುವಿನ ಚೌಕುಳಿ ಚಿತ್ರವನ್ನು ತಡಿಯಪ್ಪನೇ ಟಿಂಕರಿಂಗ್ ಅಂಗಡಿಯಲ್ಲಿ ಕಾಯುತ್ತಾ ಕೂತಾಗ ಅವರ ಮೊಬೈಲಿಗೂ ಕಳಿಸಿದ್ದ.

"ನಿಮ್ಮ ಹಳೇದು ಎಲ್ಲಿ?"

ತಡಿಯಪ್ಪ ನಿಟ್ಟುಸಿರು ಬಿಟ್ಟ. "ಅದರ ಮುಖ ಇನ್ನು ನೋಡೋ ಹಾಗಿಲ್ಲ ಬಿಡಿ."

"ಅಲ್ರೀ, ಇದನ್ನ ನಿಮ್ಮ ಕೈಗೆ ಹೇಗೆ ಕೊಟ್ರು?"

"ಅವರ ಹತ್ರ ಜಾಗ ಇಲ್ವಂತೆ. ದಿನಾ ಬಿಸಿಲಿಗೆ ಬಿಡಿ, ಬಿರುಕು ಬಿಡುತ್ತಾ ನೋಡಿ ಹೇಳಿ ಅಂದಿದಾರೆ."

"ಬಿಸಿಲಿನ ಪರೀಕ್ಷೆ!" ಎಂದು ಪೋಸ್ಟ್‌ಮಾಸ್ಟರು ಪಿಸುಗುಟ್ಟಿದರು.

"ದಯವಿಟ್ಟು ಯಾರ ಹತ್ರಾನೂ ಬಾಯಿ ಬಿಡಬೇಡಿ. ನಮ್ಮನೆಯವಳಿಗೂ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕಥೆ ಮುಗೀತು."

"ಕಟ್ಕೊಂಡ ಹೆಂಡ್ತಿಗೂ ಹೇಳೋ ಹಾಗಿಲ್ವಾ! ಅಬ್ಬಬ್ಬಾ, ಏನು ಕಟ್ಟುನಿಟ್ಟಿನ ಕಂಪನಿ! ನೀವು ನಿಶ್ಚಿಂತೆಯಿಂದಿರಿ. ಈ ಬಾಯಿಗೆ ಅರಗು ಹಾಕಿ ಮೊಹರು ಒತ್ತಿದೆ ಅಂದ್ಕೊಳ್ಳಿ."

ಮೊಹರು ಒತ್ತಿದ ಮೇಲೆ ಬಟವಾಡೆ ಮಾಡುವುದೇ ಅಂಚೆಯ ಕ್ರಮ. ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ಗೇಟಿನ ಮುಂದಿತ್ತು. ತಡಿಯಪ್ಪನನ್ನು ಕಂಪನಿಯೇ ಹುಡುಕಿಕೊಂಡು ಬಂದು ಗುಟ್ಟಾಗಿ ಪರೀಕ್ಷಕನನ್ನಾಗಿ ಮಾಡಿಕೊಂಡಿದೆಯಂತೆ; ಸುಮ್ಮನೆ ವರ್ಷಗಟ್ಟಲೆ ಓದುತ್ತಿದ್ದನೇ ಮತ್ತೆ!

ತಡಿಯಪ್ಪ ಬಾಗಿಲು ತೆರೆದ. ಜನ ಅವನಿಗೆ ದಾರಿ ಬಿಟ್ಟರು. ಹಲ್ಲಿನ ಡಾಕ್ಟರು ನಮಸ್ಕಾರ ಎಂದರು. ಹಿಂದೆ ಒಮ್ಮೆ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ ಅವರು ಅವನ ಮುಖ ನೋಡಿ ಮಾತಾಡಿದವರಲ್ಲ. ನಿಜ ಹೇಳಬೇಕೆಂದೇ ಅವನು ಹೊರಗೆ ಬಂದಿದ್ದ. ಆ ನಮಸ್ಕಾರ ಕಿವಿಗೆ ಬಿದ್ದ ಮೇಲೆ ಹೇಳಲಿಲ್ಲ. ಹಾಗಂತ ಸುಳ್ಳನ್ನೂ ಹೇಳಲಿಲ್ಲ. ನಿಜ ಹೇಳುವುದನ್ನು ಸ್ವಲ್ಪ ಮುಂದಕ್ಕೆ ಹಾಕಿದ. ಮುಂದಕ್ಕೆ ಹಾಕುವುದು ಅವನಿಗೆ ಹುಟ್ಟುಗುಣ.

"ಹಿಂದಿನ ಏಸಿ ಹೇಗಿದೆ?" ಎಂದರು ಡಾಕ್ಟರು.

"ಸದ್ಯಕ್ಕೆ ಸದ್ದು ಬರ್ತಿದೆ."

"ಇನ್ನೂ ಪ್ರಯೋಗದ ಹಂತದಲ್ಲಿದೆ," ಎಂದು ಪೋಸ್ಟ್‌ಮಾಸ್ಟರು ಜನರಿಗೆ ವ್ಯಾಖ್ಯಾನ ಮಾಡಿದರು.

ಪಕ್ಕದ ಮನೆಯ ಟೈಲರಮ್ಮ ಕಿಟಕಿಯ ಸಂದಿಗೆ ಮೂಗು ಇಟ್ಟಳು. "ಅಣ್ಣಾ, ಒಳಗೇನೋ ನೋವಿನ ಮುಲಾಮಿನ ವಾಸನೆ?"

ಅದು ಮಾವನವರ ಮಂಡಿಯ ಮುಲಾಮು. ತಡಿಯಪ್ಪ ಬಾಯಿ ತೆರೆಯುವ ಮೊದಲೇ ಪೋಸ್ಟ್‌ಮಾಸ್ಟರು, "ದೂರ ಪ್ರಯಾಣದಲ್ಲಿ ಮೈಕೈ ನೋಯಬಾರದಲ್ಲಮ್ಮ. ಈಗೆಲ್ಲ ಗಾಡಿಯೊಳಗೇ ಬರುತ್ತೆ," ಎಂದರು. ಗುಂಪು ತಲೆದೂಗಿತು.

ಮಾರನೆಯ ದಿನ ಕಚೇರಿಯಲ್ಲಿ ಸಾಹೇಬರಿಂದ ಕರೆ ಬಂತು. ಈ ಸಾಹೇಬರು ಅವನನ್ನು ಇದುವರೆಗೆ ಕರೆದಿದ್ದು "ಬಿಲ್ಲು" ಎಂದು. "ಏ ಬಿಲ್ಲು, ಆ ಫೈಲು" – ಇಷ್ಟೇ ಅವರ ಮಾತುಕತೆ. ಇವತ್ತು ಎದ್ದು ನಿಂತು ಕುರ್ಚಿ ತೋರಿಸಿದರು. ತಡಿಯಪ್ಪ ಕುರ್ಚಿಯ ತುದಿಯಲ್ಲಿ, ಅದು ಬೇರೆಯವರದೆಂಬಂತೆ ಕೂತ.

"ಏನ್ರೀ, ಇಷ್ಟು ದೊಡ್ಡ ಮನುಷ್ಯ ನಮ್ಮ ಕಚೇರೀಲೇ ಇದ್ದು ನಮಗೇ ಗೊತ್ತಿಲ್ಲ! ನೋಡಿ, ನಾನು ಮೇರು ಬುಕ್ ಮಾಡಿದೀನಿ. ಬಿಳಿ ಬಣ್ಣ. ಶುಕ್ರವಾರ ಕೈಗೆ ಬರುತ್ತೆ. ಹಳೇ ಗಾಡಿ ಮಾರಿಯೂ ಆಯ್ತು. ಈಗ ನೋಡಿದ್ರೆ ಹೊಸ ರೂಪ ನಿಮ್ಮ ಅಂಗಳದಲ್ಲಿ ನಿಂತಿದೆ ಅಂತಾರೆ. ನಾನೇನು ಹಳೇದು ತಗೊಂಡು ಮೂರ್ಖ ಆಗ್ಲಾ? ಕ್ಯಾನ್ಸಲ್ ಮಾಡ್ಲಾ?"

ತಡಿಯಪ್ಪ ಕುರ್ಚಿಯಿಂದ ಎದ್ದ. ಇನ್ನು ಆಟ ಸಾಕು, ಇರುವುದನ್ನು ಹೇಳಿಬಿಡಬೇಕು. ಅವನು ಎರಡೂ ಕೈ ಎತ್ತಿ, "ತಡೀರಿ ಸಾರ್..." ಎಂದ.

"ತಡೀರಿ ಅಂದ್ರಾ? ಆಯ್ತು. ನೀವು ಅಂದ ಮೇಲೆ ಮುಗೀತು." ಸಾಹೇಬರು ಆಗಲೇ ಫೋನಿನಲ್ಲಿದ್ದರು. "ಹಲೋ, ಶೋರೂಮಾ? ನನ್ನ ಬುಕಿಂಗ್ ಕ್ಯಾನ್ಸಲ್. ಹೂಂ, ಬರೆದೂ ಕಳಿಸ್ತೀನಿ. ಯಾಕೆ ಅಂತ ಕೇಳಬೇಡಿ, ಅದು ಬಹಳ ಗುಟ್ಟಿನ ವಿಷಯ."

ಸಾಹೇಬರು ಕೊಳ್ಳದ ಗಾಡಿಯನ್ನು ಕೈಕೆಳಗಿನವರು ಕೊಳ್ಳುವುದುಂಟೇ? ಲೆಕ್ಕಪತ್ರದವರು ರದ್ದು ಮಾಡಿದರು. ಪಂಪ್‌ಹೌಸಿನ ಮೇಲ್ವಿಚಾರಕ ರದ್ದು ಮಾಡಿದ. ಹಲ್ಲಿನ ಡಾಕ್ಟರು ರದ್ದು ಮಾಡಿದರು. ಟೈಲರಮ್ಮ ಯಾವ ಗಾಡಿಯನ್ನೂ ಬುಕ್ ಮಾಡಿರಲಿಲ್ಲ. ಆದರೂ ತನ್ನದನ್ನೂ ಕ್ಯಾನ್ಸಲ್ ಮಾಡಿಬಿಡಿ ಎಂದು ಶೋರೂಮಿಗೆ ಫೋನು ಮಾಡಿ ಬೈಸಿಕೊಂಡಳಂತೆ.

ಅದರ ಫಲವಾಗಿ ಮರುದಿನ ಸಂಜೆ ಶೋರೂಮಿನ ಮ್ಯಾನೇಜರು ಟೈ ಸಮೇತ ತಡಿಯಪ್ಪನ ಅಂಗಳಕ್ಕೆ ಬಂದಿಳಿದ. ಅಲ್ಲಿ ಆಗಲೇ ಜನ ಸೇರಿದ್ದರು. ಒಂದು ಸುತ್ತು ಹೋಗಿ ಬರೋಣ ಎಂದು ಸಾಹೇಬರು ತೊಳೆದ ಬೂಟು ಹಾಕಿಕೊಂಡು ಬಂದಿದ್ದರು. ಪೋಸ್ಟ್‌ಮಾಸ್ಟರು ಯಾರೂ ಮುಟ್ಟದಂತೆ ಗಾಡಿಗೆ ಕಾವಲು ನಿಂತಿದ್ದರು.

ಮ್ಯಾನೇಜರು ಮೊದಲು ಗುಡುಗಿದ. "ಯಾರ್ರೀ ಕೊಟ್ಟಿದ್ದು ನಿಮಗೆ ಇದನ್ನ? ಮೇಲಿನವರನ್ನ ಕೇಳಿದೆ. ಹೊರಗಿನವರಿಗೆ ಒಂದು ಗಾಡೀನೂ ಕೊಟ್ಟಿಲ್ಲ ಅಂದ್ರು. ಅಂದ್ಮೇಲೆ ಇದು ಕದ್ದ ಮಾಲು! ಪೊಲೀಸರನ್ನ ಕರೆಸ್ತೀನಿ!"

"ಕದ್ದ ಮಾಲಾ!" ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಸಾಹೇಬರು ಎರಡು ಹೆಜ್ಜೆ ಸರಿದರು. ಅವರದು ಸರ್ಕಾರಿ ನೌಕರಿ.

ಆಮೇಲೆ ಮ್ಯಾನೇಜರು ತಡಿಯಪ್ಪನ ತೋಳು ಹಿಡಿದು ಪಕ್ಕಕ್ಕೆಳೆದು, ದನಿ ತಗ್ಗಿಸಿ, ಬೇರೆಯೇ ಮನುಷ್ಯನಾದ. "ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳಿ. ಹೊಸ ರೂಪ ಬರ್ತಾ ಇದೆಯಾ? ಯಾವಾಗ? ನಮಗೂ ಏನೂ ಹೇಳಲ್ಲ ಸಾರ್, ನಾವೂ ನಿಮ್ಮ ಹಾಗೇ ಮೊಬೈಲ್‌ನಲ್ಲಿ ಓದ್ಕೊಂಡು ಕೂತಿದೀವಿ."

"ಅದು... ನಾನು... ಒಂದು ಲಾರಿ..."

"ಲಾರೀಲಿ ಬಂತಾ?"

ಆ ಹೊತ್ತಿಗೆ ಗೇಟಿನ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಅದರಿಂದ ಹೆಂಡತಿ, ಮಕ್ಕಳು, ನಾಲ್ಕು ಬ್ಯಾಗು, ಕೊನೆಯಲ್ಲಿ ಮಾವನವರು ಇಳಿದರು. ತಂಗಿಯ ಮನೆಯಲ್ಲಿ ಅತ್ತೆಮನೆಯವರೆಲ್ಲ ಬಂದು ಜಾಗ ಸಾಲದೆ ಅವರು ಮೊದಲೇ ಹೊರಟು ಬಂದಿದ್ದರು. ಅಂಗಳದ ತುಂಬ ಜನ ಕಂಡು ಹೆಂಡತಿಯ ಕೈಯಿಂದ ಬ್ಯಾಗು ಜಾರಿತು.

"ರೀ! ಏನಾಯ್ತು? ಇಷ್ಟೊಂದು ಜನ ಯಾಕೆ?"

ಮಾವನವರಿಗೆ ಮಾತ್ರ ಜನದ ಗೊಡವೆ ಇರಲಿಲ್ಲ. ಬಾಡಿಗೆ ಕಾರಿನಲ್ಲಿ ಮಡಿಸಿಟ್ಟ ಮಂಡಿ ಉರಿಯುತ್ತಿತ್ತು. ಅವರು ಗುಂಪನ್ನು ಕೋಲಿನಿಂದ ಸರಿಸುತ್ತಾ ನೇರ ಮುಸುಕಿನ ಗಾಡಿಯ ಹಿಂದಿನ ಬಾಗಿಲಿಗೆ ಹೋದರು.

"ಅಜ್ಜಾ, ಮುಟ್ಟಬೇಡಿ! ಗುಟ್ಟಿನ ಗಾಡಿ!" ಎಂದು ಪೋಸ್ಟ್‌ಮಾಸ್ಟರು ಕೂಗಿದರು.

ಮಾವನವರು ಹಿಡಿಕೆಯನ್ನು ಮೇಲಕ್ಕೆತ್ತಿ, ಬಾಗಿಲಿನ ಕೆಳಮೂಲೆಗೆ ಹಿಮ್ಮಡಿಯಿಂದ ಒಂದು ಒದೆ ಕೊಟ್ಟು, ಭುಜದಿಂದ ತಳ್ಳಿ, ಎಳೆದರು. ಬಾಗಿಲು ಕಿರ್ರೆಂದು ತೆರೆಯಿತು. ಒದೆತದ ಏಟಿಗೆ ಒಂದು ಕಡೆಯ ಟೇಪು ಕಿತ್ತು, ಚೌಕುಳಿಯ ಫ್ಲೆಕ್ಸ್ ಜಾರಿ ನೆಲಕ್ಕೆ ಬಿತ್ತು. ಅವರು ಒಳಗೆ ಕೈಹಾಕಿ ಸೀಟಿನ ಸಂದಿಯಿಂದ ಮುಲಾಮಿನ ಡಬ್ಬಿ ತೆಗೆದು, ತಿರುಗಿ, ಜನರನ್ನು ನೋಡಿದರು. ಆಮೇಲೆ ತುಕ್ಕು, ಪುಟ್ಟಿ, ರಟ್ಟಿನ ಮೂತಿ ಎಲ್ಲವನ್ನೂ ನೋಡಿದರು.

"ಏನು ಅಳಿಯಂದಿರೇ," ಎಂದರು ಗಂಭೀರವಾಗಿ, "ಬಟ್ಟೆ ಹೊದಿಸಿ, ಜನಾನೆಲ್ಲ ಕರೆಸಿದೀರಿ... ನಮ್ಮ ಗಾಡಿ ಹೋಗಿಬಿಡ್ತಾ?"

ಮೊದಲು ನಕ್ಕವಳು ಟೈಲರಮ್ಮ. ಆಮೇಲೆ ಬೀದಿಯೇ ನಕ್ಕಿತು. ಪೋಸ್ಟ್‌ಮಾಸ್ಟರು "ನನಗೆ ಮೊದಲ ದಿನವೇ ಅನುಮಾನ ಇತ್ತು" ಎಂದು ಪಕ್ಕದವರಿಗೆ ತಿಳಿಸಿದರು.

ನಗದವರು ಇಬ್ಬರು. ಒಬ್ಬರು ಸಾಹೇಬರು. ಅವರ ಮುಖ ಕೆಂಪಾಗಿ, "ನಾವೆಲ್ಲ ಬುಕಿಂಗ್ ಕ್ಯಾನ್ಸಲ್ ಮಾಡಿದ್ವಲ್ರೀ! ನೀವು... ನೀವೇ ಅಲ್ವೇನ್ರೀ ತಡೀರಿ ಅಂದಿದ್ದು?" ಎಂದು ತೊದಲಿದರು.

"ತಡೀರಿ, ನಿಜ ಹೇಳ್ತೀನಿ ಅನ್ನೋಕೆ ಹೊರಟಿದ್ದೆ ಸಾರ್. ನೀವು ತಡೀಲಿಲ್ಲ."

ಇನ್ನೊಬ್ಬಳು ಹೆಂಡತಿ. ಅವಳು ಗಾಡಿಯ ಮುಂದೆ ಹೋಗಿ ನಿಂತು, ರಟ್ಟನ್ನು ಬೆರಳಿನಿಂದ ಸರಿಸಿ ಒಳಗೆ ಇಣುಕಿ ನೋಡಿದಳು. ಗಂಡನ ಮುಖ ನೋಡಿದಳು. ಅದರಲ್ಲಿ ಓದಬೇಕಾದ್ದೆಲ್ಲ ಸ್ಪಷ್ಟವಾಗಿತ್ತು. ಆಮೇಲೆ ಟೈ ಕಟ್ಟಿದ್ದ ಮ್ಯಾನೇಜರ ಕಡೆ ತಿರುಗಿದಳು.

"ನೀವು ಶೋರೂಮಿನವರಾ? ಕ್ಯಾನ್ಸಲ್ ಆದ ಗಾಡಿಗಳಲ್ಲಿ ಈಗಲೇ ಕೈಗೆ ಸಿಗೋದು ಯಾವುದಿದೆ?"

"ಒಂದೇ ಒಂದು ಮೇಡಂ. ಬಿಳೀದು. ಉಳಿದವು ಇನ್ನೂ ಕಾರ್ಖಾನೆಯಿಂದ ಬರ್ಬೇಕು."

"ಅದು ನಿಮ್ಮ ತಲೆ ಮೇಲೆ ಕೂತಿದೆ ಅಲ್ವಾ? ನನಗೆ ಕೊಡಿ. ರೇಟು ಮಾತ್ರ ತಲೆನೋವು ಹೋಗೋ ಹಾಗಿರ್ಬೇಕು, ನಿಮ್ಮದೂ ನನ್ನದೂ."

"ಸ್ವಲ್ಪ ಇರಮ್ಮಾ!" ಸಾಹೇಬರು ಓಡಿ ಬಂದರು. "ಬಿಳೀದು ನನ್ನದು!"

"ಆಗಿತ್ತು ಸಾರ್," ಎಂದಳು ಅವಳು ವಿನಯದಿಂದ.

"ರೀ ಮ್ಯಾನೇಜರೇ, ನಾನು ಕ್ಯಾನ್ಸಲ್ ಮಾಡಿದ್ದನ್ನ ಕ್ಯಾನ್ಸಲ್ ಮಾಡಿ!"

ಮ್ಯಾನೇಜರು ಸಾಹೇಬರನ್ನು ನೋಡಿದ, ಅವಳನ್ನು ನೋಡಿದ. ಒಬ್ಬರು ಯಾರೋ ಏನೋ ಅಂದರೆಂದು ಬಿಟ್ಟು ಓಡುವವರು. ಇನ್ನೊಬ್ಬಳು ಮುಖ ಮುರಿದ ಗಾಡಿಯ ಮುಂದೆ ನಿಂತು ಚೌಕಾಸಿ ಮಾಡುವವಳು. ವ್ಯಾಪಾರಸ್ಥನಿಗೆ ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. "ನೀವು ಬರೆದು ಸಹಿ ಹಾಕಿ ಕಳಿಸಿಬಿಟ್ಟಿದೀರಿ ಸಾರ್. ಮತ್ತೆ ಬುಕ್ ಮಾಡಿ, ಆದರೆ ಸರದೀಲಿ ಕಾಯ್ಬೇಕಾಗುತ್ತೆ."

ಇಷ್ಟು ಹೊತ್ತು ಕಂಬದ ಹಾಗೆ ನಿಂತಿದ್ದ ತಡಿಯಪ್ಪನಿಗೆ ಆಗ ಪ್ರಾಣ ಬಂತು. ಹೆಂಡತಿಯ ಹಿಂದೆ ನಿಂತು, ಅಭ್ಯಾಸಬಲದಿಂದ, "ಏನೇ, ಹೊಸ ರೂಪ ನಿಜವಾಗ್ಲೂ ಬರ್ತಿದೆ ಕಣೇ, ಇನ್ನೊಂದು ಸ್ವಲ್ಪ ದಿನ..." ಎಂದ.

ಅವಳು ಮೆಲ್ಲಗೆ ತಿರುಗಿದಳು.

"...ಇನ್ನೊಂದು ಸ್ವಲ್ಪ ದಿನ ಕಾದ್ರೆ ಈ ಬಿಳೀದೂ ಸಿಗಲ್ಲ, ಈಗಲೇ ತಗೊಂಡುಬಿಡೋಣ," ಎಂದು ಮುಗಿಸಿದ.

ಶುಕ್ರವಾರ ಬಿಳಿ ಮೇರು ಮನೆಗೆ ಬಂತು. ಹಳೆಯದನ್ನು ಟಿಂಕರಿಂಗ್‌ನವನು ಗುಜರಿಗೆ ಎಳೆದುಕೊಂಡು ಹೋದ. ಮಾವನವರು ಗೇಟಿನವರೆಗೂ ಹೋಗಿ ಅದನ್ನು ಕಳಿಸಿಕೊಟ್ಟು ಬಂದರು. ಹೊಸ ಗಾಡಿಯ ಬೀಗದಕೈ ಹೆಂಡತಿಯ ಸೊಂಟ ಸೇರಿತು. ಮೊಬೈಲ್ ನೋಡುತ್ತಾ ಲಾರಿಗೆ ಗುದ್ದಿದವರ ಕೈಗೆ ಗಾಡಿ ಕೊಡುವುದಿಲ್ಲ ಎಂದು ಅವಳು ಹೇಳಿದ್ದಕ್ಕೆ ಮನೆಯಲ್ಲಿ ವಿರೋಧ ಬರಲಿಲ್ಲ. ಅವಳಿಗಳಂತೂ ಚಪ್ಪಾಳೆ ತಟ್ಟಿದರು.

ಸೋಮವಾರ ಕಚೇರಿಯಲ್ಲಿ ತನಗೆ ಏನು ಕಾದಿದೆಯೋ ಎಂದು ತಡಿಯಪ್ಪ ಹೆದರಿಯೇ ಹೋದ. ಮೆಮೋ? ವರ್ಗಾವಣೆ? ಸಾಹೇಬರು ಕುರ್ಚಿ ತೋರಿಸಲಿಲ್ಲ.

"ಏ ಬಿಲ್ಲು. ನನ್ನ ಹಳೇ ಗಾಡಿ ಮಾರಿಹೋಯ್ತು. ಹೊಸ ಗಾಡಿ ನಿನ್ನ ಹೆಂಡ್ತಿ ಓಡಿಸ್ತಿದಾಳೆ. ಕಚೇರಿ ಜೀಪು ಶೆಡ್ಡಲ್ಲಿ ಮಲಗಿದೆ. ಇವತ್ತು ಬಸ್ಸಲ್ಲಿ ನೇತಾಡ್ಕೊಂಡು ಬಂದಿದೀನಿ, ನೋಡು, ಅಂಗಿ ಗುಂಡಿ ಕೂಡ ಇಲ್ಲ. ನನ್ನ ಸರದಿ ಬರೋವರೆಗೂ ನನ್ನನ್ನ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸೇರಿಸೋದು ನಿನ್ನ ಜವಾಬ್ದಾರಿ. ಇದು ಆರ್ಡರು."

ತಡಿಯಪ್ಪ ಹೆದರುತ್ತಲೇ ಹೆಂಡತಿಗೆ ಹೇಳಿದ. ಅವಳು ಸ್ವಲ್ಪ ಯೋಚಿಸಿ, "ಬರಲಿ ಬಿಡಿ. ದಾರೀಲೇ ಅಲ್ವಾ. ಆದ್ರೆ ಅಂಗಡಿ ತೆಗೆಯೋಕೆ ತಡ ಆಗಬಾರದು, ಹಾರ್ನ್ ಹೊಡೆದ ತಕ್ಷಣ ಹೊರಗೆ ಬರ್ಬೇಕು," ಎಂದಳು.

ಹಾಗಾಗಿ ಮರುದಿನದಿಂದ ಒಂದು ಹೊಸ ವ್ಯವಸ್ಥೆ ಜಾರಿಗೆ ಬಂತು. ಗಾಡಿ ಓಡಿಸುವವಳು ಹೆಂಡತಿ. ಅವಳ ಪಕ್ಕದಲ್ಲಿ ಮಂಡಿ ಚಾಚಿಕೊಂಡು ಮಾವನವರು; ಮನೆಯಲ್ಲಿ ಕೂತು ಬೇಸರವೆಂದು ಅವರೂ ದಿನಾ ಅಂಗಡಿಗೆ ಹೊರಟಿದ್ದರು. ನಡುವಿನ ಸೀಟಿನಲ್ಲಿ ಕಿಟಕಿಗೊಬ್ಬಳಂತೆ, ರಜೆ ಮುಗಿದು ಶಾಲೆಗೆ ಹೊರಟ ಅವಳಿಗಳು, ಅವರ ನಡುವೆ ಚೀಲ ಮತ್ತು ನೀರಿನ ಬಾಟಲಿ. ಉಳಿದಿದ್ದು ತೀರಾ ಹಿಂದಿನ ಸಾಲು. ಔಷಧಿಯ ರಟ್ಟಿನ ಪೆಟ್ಟಿಗೆಗಳನ್ನು ಒಂದು ಕಡೆಗೆ ಒತ್ತರಿಸಿದರೆ ಅಲ್ಲಿ ಇಬ್ಬರಿಗೆ ಜಾಗವಾಗುತ್ತಿತ್ತು.

ಮೊದಲ ದಿನ ಸಾಹೇಬರು ಬಾಗಿಲು ತೆರೆದು ಮುಂದಿನ ಸೀಟು ನೋಡಿದರು, ನಡುವಿನ ಸೀಟು ನೋಡಿದರು, ಆಮೇಲೆ ತಲೆ ಬಗ್ಗಿಸಿ ಹಿಂದಕ್ಕೆ ತೂರಿದರು. ತಡಿಯಪ್ಪ ಅವರ ಪಕ್ಕದಲ್ಲಿ ತನ್ನನ್ನು ಮಡಿಸಿಟ್ಟುಕೊಂಡ. ತಿರುವಿನಲ್ಲಿ ಇಬ್ಬರೂ ಒಟ್ಟಿಗೇ ಎಡಕ್ಕೆ ವಾಲಿದರು, ಒಟ್ಟಿಗೇ ಬಲಕ್ಕೆ ವಾಲಿದರು.

"ಅಮ್ಮಾ, ಸ್ವಲ್ಪ ಏಸಿ ಈ ಕಡೆ..." ಎಂದರು ಸಾಹೇಬರು ಒಮ್ಮೆ.

"ಹಿಂದೆ ಮಾತಾಡಬೇಡಿ, ಗಾಡಿ ಓಡಿಸೋರಿಗೆ ತೊಂದರೆ ಆಗುತ್ತೆ," ಎಂದು ಮಾವನವರು ಮುಂದಿನಿಂದ ಗದರಿದರು.

ಸಾಹೇಬರು ತಮ್ಮ ಕಡೆ ವಾಲಿದ ಪೆಟ್ಟಿಗೆಯನ್ನು ತಬ್ಬಿಕೊಂಡರು. ತಡಿಯಪ್ಪ ಮೊದಲೇ ಒಂದನ್ನು ತಬ್ಬಿಕೊಂಡಿದ್ದ. ಕಚೇರಿಯ ಗೇಟು ದಾಟಿದ ಮೇಲೆ ಒಬ್ಬರು ಸಾಹೇಬರು, ಒಬ್ಬ ಗುಮಾಸ್ತ. ಗಾಡಿಯ ಹಿಂದಿನ ಸಾಲಿನಲ್ಲಿ ಇಬ್ಬರೂ ಸಾಮಾನು.